ಸೋಲಲು ನಿಂತವನು

ತನ್ನದೇ ಹೆಸರಿನಲ್ಲಿ ತಪ್ಪು ಹುಡುಕುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಅಂಗೈಯಗಲದ ಮತಪತ್ರ, ಇನ್ನೂ ಶಾಯಿ ಆರದ ಕರಡು. ಮೇಲಿನ ಮನೆಯಲ್ಲಿ ಕೆಲಸಗಾರರ ಸಂಘದ ಅಧ್ಯಕ್ಷರ ಹೆಸರು, ಪಕ್ಕದಲ್ಲಿ ಗಂಟೆಯ ಗುರುತು. ಕೆಳಗಿನ ಮನೆಯಲ್ಲಿ ಅವನ ಹೆಸರು, ಪಕ್ಕದಲ್ಲಿ ಬಾಚಣಿಗೆ. ಈ ಮುದ್ರಣಾಲಯದ ಮೂಲೆಯ ಕೋಣೆಯಲ್ಲಿ ಕೂತು ಅವನು ದೇಶದ ಎಷ್ಟೋ ಚುನಾವಣೆಗಳ ಮತಪತ್ರಗಳ ಕರಡು ತಿದ್ದಿದ್ದ. ಗೆದ್ದವರ ಹೆಸರನ್ನೂ ಠೇವಣಿ ಕಳೆದುಕೊಂಡವರ ಹೆಸರನ್ನೂ ಒಂದೇ ಪೆನ್ಸಿಲಿನಿಂದ ಸರಿಮಾಡಿದ್ದ. ಸತ್ತುಹೋದ ಮಂತ್ರಿಗಳ ಇನಿಷಿಯಲ್ಲುಗಳು ಕೂಡ ಈಗಲೂ ಅವನಿಗೆ ಬಾಯಿಪಾಠ. ಆದರೆ ಇವತ್ತು ಕಣ್ಣು ಅಕ್ಷರದ ಮೇಲೆ ನಿಲ್ಲುತ್ತಿರಲಿಲ್ಲ, ಜಾರಿ ಜಾರಿ ಆ ಬಾಚಣಿಗೆಯ ಹಲ್ಲುಗಳ ಮೇಲೆ ಹೋಗಿ ಕೂರುತ್ತಿತ್ತು. ಛೇ, ನಾಟಕ, ಬರೀ ನಾಟಕ ಎಂದು ಬೆಳಿಗ್ಗೆ ಹಲ್ಲುಜ್ಜುವಾಗಿನಿಂದ ಹೇಳಿಕೊಳ್ಳುತ್ತಿದ್ದ. ಆದರೂ ಅಚ್ಚಾದ ಆ ಹೆಸರು ಚೌಕಟ್ಟಿನೊಳಗೆ ಕಾಲುಚಾಚಿ ಕೂತಿದ್ದನ್ನು ಕಂಡರೆ ಕಿವಿ ಬಿಸಿಯಾಗುತ್ತಿತ್ತು. ಬೋಳುತಲೆಯವನಿಗೆ ಬಾಚಣಿಗೆ ಕೊಟ್ಟಿದ್ದಾರೆಂದು ಅಚ್ಚಿನ ವಿಭಾಗದವರು ನಗುತ್ತಿದ್ದರಂತೆ. ನಗಲಿ. ಹಳೆಯ ಗುರುತುಗಳ ಅಚ್ಚುಗಳಲ್ಲಿ ಗಂಟೆ ಬಿಟ್ಟರೆ ಸವೆಯದೆ ಉಳಿದಿದ್ದದ್ದು ಅದೊಂದೇ ಎಂದು ಮ್ಯಾನೇಜರೇ ಹೇಳಿದ್ದರು.

ಅವನು ಕರಡಿನ ಕೆಳಗೆ ಸರಿಯಾಗಿದೆ ಎಂದು ಬರೆದು ಸಹಿ ಹಾಕಿದ. ಸಹಿ ಹಾಕಿದ ಮೇಲೂ ಕೊಡಲು ಮನಸ್ಸಾಗಲಿಲ್ಲ.

ಮ್ಯಾನೇಜರು ಅವನನ್ನು ಕರೆಸಿಕೊಂಡಾಗ ಮೊದಲು ಹೆದರಿದ್ದ, ಯಾವುದೋ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ತಪ್ಪು ಬಿಟ್ಟಿರಬೇಕು ಎಂದು. ಆದರೆ ಅವರು ಕುರ್ಚಿ ತೋರಿಸಿದರು. ಮತಪತ್ರ ಮುದ್ರಿಸುವ ಹೊಸ ಯಂತ್ರವನ್ನು ಕೊಡಿಸಿದ ಹೊರದೇಶದ ಸಂಸ್ಥೆಯವರು ಯಂತ್ರ ನೋಡಲು ಬರುತ್ತಿದ್ದರು. ಬರುವ ಮುಂಚೆ ಕಾಗದ ಬರೆದು, ನಿಮ್ಮ ಕೆಲಸಗಾರರು ತಮ್ಮ ಸಂಘದ ಮುಖಂಡರನ್ನು ಹೇಗೆ ಆರಿಸಿಕೊಳ್ಳುತ್ತಾರೆ, ಅದನ್ನೂ ನೋಡಬಹುದೇ ಎಂದು ಕೇಳಿದ್ದರು. ಮ್ಯಾನೇಜರು ಖುಷಿಯಲ್ಲಿ ಹೂಂ ಅಂದುಬಿಟ್ಟಿದ್ದರು. ಆಮೇಲೆ ನೆನಪಾಯಿತು, ಸಂಘದಲ್ಲಿ ಚುನಾವಣೆ ಎಂಬುದು ನಡೆದೇ ಇಲ್ಲ. ವರ್ಷಕ್ಕೊಮ್ಮೆ ಎಲ್ಲರೂ ಸೇರುವುದು, ಯಾರೋ ಹಿರಿಯರು ಎದ್ದು ಅದೇ ಹೆಸರು ಹೇಳುವುದು, ಉಳಿದವರು ಚಪ್ಪಾಳೆ ತಟ್ಟುವುದು. ಅವಿರೋಧ ಆಯ್ಕೆ. ನಮ್ಮಲ್ಲಿ ಜಗಳವಿಲ್ಲ ಎಂಬುದೇ ಸಂಘದ ಹೆಮ್ಮೆ. ‘ಎದುರಾಳಿ ಇಲ್ಲದೆ ಎಲೆಕ್ಷನ್ ಅಂತ ತೋರಿಸೋದು ಹೇಗೆ ಸ್ವಾಮಿ?’ ಎಂದರು ಮ್ಯಾನೇಜರು. ‘ಅಧ್ಯಕ್ಷರನ್ನೇ ಕೇಳಿದೆ. ಪಾರ್ಲಿಮೆಂಟನ್ನ ನಿಲ್ಲಿಸಿ, ಅವನಿಗೆ ಮಾತು ಚೆನ್ನಾಗಿ ಬರುತ್ತೆ ಅಂದ್ರು. ನೀವು ನಿಂತ್ಕೊಳ್ಳಿ. ಸೋಲೋಕೆ ಅಷ್ಟೆ.’

ಪಾರ್ಲಿಮೆಂಟು ಅಂದರೆ ಅವನೇ. ಕ್ಯಾಂಟೀನಿನಲ್ಲಿ ಲೋಟ ಕೈಗೆ ಬಂದ ಕೂಡಲೇ ಭಾಷಣ ಶುರುಮಾಡುತ್ತಾನೆಂದು ಯಾರೋ ಇಟ್ಟ ಹೆಸರು ಅದು, ಅಂಟಿಕೊಂಡಿತ್ತು. ನಮ್ಮ ಕಡೆಯ ದೇಶಗಳ ಹಣೆಬರಹವೇ ಇಷ್ಟು ಎಂದು ಅವನು ಶುರುಮಾಡುವನು. ವೋಟು ಬೀಳುವುದು ಇಲ್ಲಿ, ಫಲಿತಾಂಶ ತಯಾರಾಗುವುದು ಸಮುದ್ರದಾಚೆ. ನೆರೆದೇಶದ ಸರ್ಕಾರ ಬಿದ್ದರೆ ಅದು ಪರದೇಶದ ಸಂಚು, ನಮ್ಮದು ಬಿದ್ದರೆ ಜನಾದೇಶ. ನಮ್ಮಲ್ಲಿ ಬೀಳದೆ ಉಳಿದರೆ ಅದೂ ಜನಾದೇಶ. ಬೆಳಿಗ್ಗೆ ವಿದೇಶಿ ರಾಯಭಾರಿಯ ಮನೆಯ ಮುಂದೆ ಧಿಕ್ಕಾರ ಕೂಗಿಸುವ ನಾಯಕ ಸಂಜೆ ಅದೇ ಮನೆಯ ಹಿಂಬಾಗಿಲಲ್ಲಿ ಚಪ್ಪಲಿ ಬಿಡುತ್ತಾನೆ, ಮಗಳಿಗೆ ಅಲ್ಲಿನ ಕಾಲೇಜಿನಲ್ಲಿ ಸೀಟು ಬೇಕಲ್ಲ! ಕೇಳುವವರು ತಲೆಯಾಡಿಸುತ್ತಿದ್ದರು. ಓದುಗರ ಪತ್ರ ಬರೆದು ಪತ್ರಿಕೆಗಳಿಗೆ ಕಳಿಸುವುದೂ ಇತ್ತು, ಕೆಲವು ಅಚ್ಚಾಗಿದ್ದವು. ಇಂಥವನನ್ನು ಕರೆದು, ಹೊರದೇಶದವರಿಗೆ ತೋರಿಸಲು ಒಂದು ಸುಳ್ಳು ಚುನಾವಣೆ ಬೇಕು, ಸೋಲಲು ನಿಲ್ಲು ಎಂದರೆ ಏನು ಮಾಡಬೇಕು? ಎದ್ದು ಬರಬೇಕು. ಅವನು ಎದ್ದ, ಬಾಗಿಲವರೆಗೂ ಬಂದ, ಅಲ್ಲಿ ತಿರುಗಿ ನಿಂತು, ‘ಭಾಷಣ ಮಾಡೋಕೆ ಅವಕಾಶ ಇರುತ್ತಾ ಸಾರ್?’ ಎಂದು ಕೇಳಿದ.

ಹೆಂಡತಿಗೆ ಹೇಳಿದಾಗ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವನು ಕಾರಣಗಳನ್ನು ಜೋಡಿಸಿಟ್ಟುಕೊಂಡಿದ್ದ. ನಾಟಕವಾದರೂ ಒಂದು ಅಭ್ಯಾಸವಾಗುತ್ತದೆ, ಜನ ವೋಟು ಹಾಕುವುದನ್ನು ಕಲಿಯುತ್ತಾರೆ, ಒಳಗಿಂದಲೇ ಬದಲಾಯಿಸಬೇಕು. ಅವಳು ಕೇಳಿಸಿಕೊಂಡು, ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂದಳು. ‘ಅದ್ಯಾವ ಅಂಗಿ ಹಾಕ್ಕೋತೀರಾ? ನೀಲಿದಕ್ಕೆ ಗುಂಡಿ ಇಲ್ಲ.’ ಇವತ್ತು ಬೆಳಿಗ್ಗೆ ಏಳುವ ಹೊತ್ತಿಗೆ ನೀಲಿ ಅಂಗಿಗೆ ಗುಂಡಿ ಬಂದಿತ್ತು. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು, ‘ರೀ, ಒಂದು ವೇಳೆ ಗೆದ್ದುಬಿಟ್ರೆ?’ ಅಂದಳು. ತಮಾಷೆಗೆ ಅಂದದ್ದು. ಆದರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನು ಆ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡ. ಕಂಡಕ್ಟರನಿಗೆ ಚಿಲ್ಲರೆ ಕೊಡುವಾಗ ಕೂಡ ಅವನು ವಿನಾಕಾರಣ ನಕ್ಕ.

ಈಗ ಕರಡನ್ನು ಯಂತ್ರದ ವಿಭಾಗಕ್ಕೆ ಒಯ್ಯುವಾಗ ಅವನಿಗೆ ಮುದ್ರಣಾಲಯವೇ ಬೇರೆಯಾಗಿ ಕಂಡಿತು. ಕಾರಿಡಾರಿನಲ್ಲಿ ಸುಣ್ಣ ಬಳಿದಿದ್ದರು. ಯಾವತ್ತೂ ಉರಿಯದ ದೀಪ ಉರಿಯುತ್ತಿತ್ತು. ಜನ ಅವನ ಮುಖ ನೋಡುತ್ತಿದ್ದರು! ಇಷ್ಟು ವರ್ಷ ಅವನ ಕೈಯಲ್ಲಿನ ಕಾಗದ ನೋಡಿ, ಎಷ್ಟು ತಪ್ಪು ಹಿಡಿದ ಎಂದು ಗೊಣಗಿ ಹೋಗುತ್ತಿದ್ದವರು. ಅಕ್ಷರ ಜೋಡಿಸುವ ಕಂಪ್ಯೂಟರಿನವನು ಕುರ್ಚಿ ತಿರುಗಿಸಿ ಕಣ್ಣು ಹೊಡೆದ. ‘ನನ್ನದು ಬಾಚಣಿಗೆಗೇ ಸಾರ್. ಯಾರಿಗೂ ಹೇಳಬೇಡಿ.’ ಯಂತ್ರದ ಬಳಿ ಎಣ್ಣೆಯ ಕೈ ಒರೆಸಿಕೊಳ್ಳುತ್ತಿದ್ದ ಇನ್ನೊಬ್ಬ, ಅಧ್ಯಕ್ಷರ ವಿಭಾಗದವನೇ, ಹತ್ತಿರ ಬಂದು ಪಿಸುಗುಟ್ಟಿದ: ‘ಸಾಕಾಗಿದೆ ಪಾರ್ಲಿಮೆಂಟು. ಈ ಸಲ ನೋಡೇಬಿಡೋಣ.’ ಉಗ್ರಾಣದವನು ಕೈ ಮಾತ್ರ ಒತ್ತಿದ. ಆ ಒತ್ತುವಿಕೆಯಲ್ಲಿ ಏನೆಲ್ಲ ಇತ್ತು! ಅವನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ. ಅಕ್ಷರದವರು, ಉಗ್ರಾಣದವರು, ಅರ್ಧ ಯಂತ್ರದವರು. ಬೈಂಡಿಂಗಿನ ಹೆಂಗಸರು ಯಾವ ಕಡೆ? ಲೆಕ್ಕ ಹಾಕುತ್ತಿದ್ದೇನೆಂದು ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಲೆಕ್ಕವೂ ಮುಂದುವರಿಯಿತು.

ಅವನು ಚಿಕ್ಕವನಿದ್ದಾಗ ಅಪ್ಪ ರೇಡಿಯೊವನ್ನು ಕಿವಿಗೆ ಒತ್ತಿ ಹಿಡಿಯುತ್ತಿದ್ದ. ನಮ್ಮ ರೇಡಿಯೊ ಎಲ್ಲವೂ ಶಾಂತವಾಗಿದೆ ಅನ್ನುತ್ತಿತ್ತು, ಬೀದಿಯಲ್ಲಿ ಬೂಟಿನ ಸದ್ದು ಕೇಳುತ್ತಿತ್ತು. ಅಪ್ಪ ಕಿವಿ ಹಿಂಡಿದಂತೆ ರೇಡಿಯೊದ ತಿರುಪು ತಿರುಗಿಸಿ ತಿರುಗಿಸಿ ಸಮುದ್ರದಾಚೆಯ ಸ್ಟೇಷನ್ನನ್ನು ಹಿಡಿಯುತ್ತಿದ್ದ. ಕೊರಕೊರ ಸದ್ದಿನ ನಡುವೆ ಆ ತಣ್ಣನೆಯ ಪರದೇಶದ ದನಿ ನಮ್ಮ ಊರಿನಲ್ಲೇ ನಡೆದದ್ದನ್ನು ಹೇಳಿದರೆ ಮಾತ್ರ ಅದು ನಡೆದದ್ದು ಎಂದು ನಂಬುತ್ತಿದ್ದ. ‘ಅವರು ಹೇಳಿದ್ರು’ ಅನ್ನುತ್ತಿದ್ದ, ಯಾರೋ ಹಿರಿಯರು ತೀರ್ಪು ಕೊಟ್ಟಂತೆ. ಪಕ್ಕದ ಮನೆಯವನನ್ನು ಎಳೆದುಕೊಂಡು ಹೋದದ್ದನ್ನು ಅಮ್ಮ ಕಣ್ಣಾರೆ ಕಂಡಿದ್ದಳು. ಅದು ಅಪ್ಪನಿಗೆ ಸಾಲುತ್ತಿರಲಿಲ್ಲ. ಇದನ್ನು ಅವನು ಕ್ಯಾಂಟೀನಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದಾನೆ, ನಮ್ಮ ಗುಲಾಮಗಿರಿ ನೋಡಿ, ನಮ್ಮ ಗಾಯಕ್ಕೂ ಅವರ ಸರ್ಟಿಫಿಕೇಟು ಬೇಕು ಎಂದು! ಈಗ ಅವನ ಮುಂದಿದ್ದ ಹೊಸ ಯಂತ್ರದ ಮೇಲೆ ಆ ಹೊರದೇಶದ ಸಂಸ್ಥೆಯ ಹೆಸರಿನ ಹಿತ್ತಾಳೆಯ ಫಲಕವಿತ್ತು, ಯಾರೋ ಹುಳಿ ಹಚ್ಚಿ ತಿಕ್ಕಿ ಹೊಳೆಸಿದ್ದರು. ಅದರಲ್ಲಿ ಅವನ ಮುಖ ಕಂಡಿತು, ಅಡ್ಡಡ್ಡವಾಗಿ, ನಗುತ್ತಾ. ಯಂತ್ರ ಗುಡುಗಿತು. ಬಾಚಣಿಗೆ, ಬಾಚಣಿಗೆ, ಬಾಚಣಿಗೆ, ಕಾಗದದ ಮೇಲೆ ಕಾಗದ ಬಂದು ಬೀಳುತ್ತಿತ್ತು.

ಬೈಂಡಿಂಗ್ ವಿಭಾಗದಲ್ಲಿ ಹೆಂಗಸರು ಎದೆಮಟ್ಟದ ಉದ್ದ ಮೇಜಿನ ಮುಂದೆ ಸಾಲಾಗಿ ನಿಂತು ಅಚ್ಚಾದ ಹಾಳೆ ಮಡಿಸುತ್ತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ. ಹಿಂದೆ ಸ್ಟೂಲುಗಳಿದ್ದವಂತೆ, ಕೂತರೆ ನಿದ್ದೆ ಬರುತ್ತದೆಂದು ತೆಗೆಸಿದ್ದರಂತೆ, ಸಂಘವೂ ಒಪ್ಪಿತ್ತಂತೆ. ಅವನು ಮತ ಕೇಳಲು ಅಂತ ಹೋಗಿರಲಿಲ್ಲ, ಸುಮ್ಮನೆ ಹಾದುಹೋಗುತ್ತಿದ್ದೇನೆಂದು ತನಗೆ ತಾನೇ ಹೇಳಿಕೊಂಡಿದ್ದ. ಮೇಜಿನ ಕೊನೆಯಲ್ಲಿದ್ದ ಹೆಂಗಸು ತಲೆಯೆತ್ತಿದಳು. ನಲವತ್ತರ ಆಸುಪಾಸು, ಕಾಲಿನ ನರಗಳು ಊದಿಕೊಂಡಿವೆಯೆಂದು ಪಾದಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತಾ, ಕೈ ನಿಲ್ಲಿಸದೆಯೇ ಕೇಳಿದಳು: ‘ಸಾರ್, ನೀವು ನಿಜವಾಗ್ಲೂ ನಿಂತಿದ್ದೀರಾ? ಇಲ್ಲಾ ತೋರಿಸೋಕಾ?’

ಸುತ್ತಲಿನ ಕೈಗಳು ನಿಧಾನವಾದವು. ಇಲ್ಲಿ ಅವನು ನಿಜ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದು ಬೇರೆಯೇ. ‘ನಿಂತ ಮೇಲೆ ನಿಂತ ಹಾಗೇ ಅಮ್ಮ.’

‘ಗೆದ್ರೆ ನಮಗೆ ಸ್ಟೂಲು ಕೊಡಿಸ್ತೀರಾ?’

‘ಮೊದಲನೇ ದಿನವೇ!’ ಎಂದ. ಎಷ್ಟು ಗಟ್ಟಿಯಾಗಿ ಅಂದನೆಂದರೆ ಆ ಕಡೆಯ ಮೇಲ್ವಿಚಾರಕ ತಿರುಗಿ ನೋಡಿದ. ‘ಸ್ಟೂಲು ಕೇಳೋದು ಭಿಕ್ಷೆ ಅಲ್ಲ ಅಮ್ಮ, ಹಕ್ಕು. ಅದೇ ಪ್ರಜಾಪ್ರಭುತ್ವ. ದೊಡ್ಡ ದೊಡ್ಡ ಮಾತಲ್ಲ, ಕೂತ್ಕೊಳ್ಳೋಕೆ ಒಂದು ಜಾಗ!’ ತನ್ನ ಮಾತಿಗೆ ತಾನೇ ರೋಮಾಂಚನಗೊಂಡ. ಇದು ಕ್ಯಾಂಟೀನಿನ ಮಾತಲ್ಲ, ಇದು ಬೇರೆ, ಇದಕ್ಕೆ ಎದುರಿಗೆ ಒಂದು ಮುಖವಿದೆ, ಊದಿದ ಕಾಲಿದೆ. ಆ ಹೆಂಗಸು ನಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಅವನನ್ನು ಒಮ್ಮೆ ಅಳೆದು ನೋಡಿ ಮತ್ತೆ ಹಾಳೆ ಮಡಿಸತೊಡಗಿದಳು. ಕಾರಿಡಾರಿಗೆ ಬರುವಷ್ಟರಲ್ಲಿ ಅವನಿಗೆ ಓಡಬೇಕೆನ್ನಿಸುತ್ತಿತ್ತು. ಗೆಲ್ಲುತ್ತೇನೆ. ಅಯ್ಯೋ, ನಿಜಕ್ಕೂ ಗೆಲ್ಲುತ್ತೇನೆ! ಮ್ಯಾನೇಜರ ಮುಖ ಹೇಗಾಗಬಹುದು. ವಿದೇಶಿಯರ ಎದುರಿಗೇ, ಅವರದೇ ಕ್ಯಾಮೆರಾದ ಎದುರಿಗೇ, ಸುಳ್ಳು ಚುನಾವಣೆ ನಿಜದ್ದಾಗಿಬಿಟ್ಟರೆ! ಪತ್ರಿಕೆಗೆ ಇದನ್ನು ಹೇಗೆ ಬರೆಯಬಹುದು ಎಂಬ ಮೊದಲ ವಾಕ್ಯವೂ ಹೊಳೆದುಬಿಟ್ಟಿತು.

ಅತಿಥಿಗಳು ಬಂದರು. ಇಬ್ಬರು ಗಂಡಸರು, ಒಬ್ಬಳು ಎತ್ತರದ ಹೆಂಗಸು. ಅವಳೇ ಮುಖ್ಯಸ್ಥೆ. ಬಿಳಿಗೂದಲು, ಹತ್ತಿಯ ಸಡಿಲ ಅಂಗಿ, ಕೊರಳಲ್ಲಿ ಕ್ಯಾಮೆರಾ. ಅಭ್ಯರ್ಥಿಗಳು ಯಾರು ಎಂದು ಕೇಳಿ, ಮೊದಲು ಅವನ ಕೈಯನ್ನೇ ಕುಲುಕಿದಳು, ಅಧ್ಯಕ್ಷರದ್ದು ಆಮೇಲೆ. ಅವಳ ಅಂಗೈ ಒಣಗಿತ್ತು, ಬೆಚ್ಚಗಿತ್ತು. ನೀವು ಯಾಕೆ ನಿಂತಿರಿ ಎಂದು ಅವಳು ತನ್ನ ಭಾಷೆಯಲ್ಲಿ ಕೇಳಿದಾಗ ಮ್ಯಾನೇಜರು ಅನುವಾದಿಸಲು ಬಾಯಿ ತೆರೆದರು. ಅದಕ್ಕೆ ಮುಂಚೆಯೇ ಅವನು ಅವಳ ಭಾಷೆಯಲ್ಲೇ ಉತ್ತರ ಕೊಟ್ಟ, ಎರಡು ದಿನದಿಂದ ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದ್ದ ವಾಕ್ಯ. ಅವಳು ಹುಬ್ಬೇರಿಸಿ ಮೆಚ್ಚಿದಳು. ಆ ಮೆಚ್ಚುಗೆ ಬೆನ್ನುಹುರಿಯಲ್ಲಿ ತಣ್ಣಗೆ ಇಳಿಯಿತು. ಕೂಡಲೇ ತನ್ನ ಮೇಲೆ ಸಿಟ್ಟು ಬಂತು, ಯಾರೀಕೆ, ಯಾವಳೋ, ಇವಳು ಹುಬ್ಬೇರಿಸಿದರೆ ನನಗೇನು? ಆದರೆ ಭಾಷಣಕ್ಕೆ ನಿಂತಾಗ ಕಣ್ಣು ಮತ್ತೆ ಮತ್ತೆ ಹೋದದ್ದು ಆ ಬಿಳಿಗೂದಲಿನ ಕಡೆಗೇ. ಪ್ರಜಾಪ್ರಭುತ್ವವನ್ನು ಹಡಗಿನಲ್ಲಿ ತರಿಸಲು ಆಗುವುದಿಲ್ಲ, ಯಂತ್ರ ತರಿಸಬಹುದು ಎಂದ. ನಮ್ಮ ಮನೆಯ ಕಸವನ್ನು ನಾವೇ ಗುಡಿಸಬೇಕು, ಪರಕೆ ಯಾರದ್ದಾದರೂ ಸರಿ ಎಂದ. ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು. ಮ್ಯಾನೇಜರು ಅದನ್ನು ಅವಳಿಗೆ ಏನೆಂದು ಅನುವಾದಿಸಿದರೋ, ಅವಳೂ ಚಪ್ಪಾಳೆ ತಟ್ಟಿದಳು. ಅಧ್ಯಕ್ಷರ ಭಾಷಣ ಚಿಕ್ಕದು. ‘ನಾನು ಏನು ಹೇಳಲಿ, ನಿಮಗೆ ನಾನು ಗೊತ್ತು’ ಎಂದಷ್ಟೇ ಅಂದು ಕೂತರು.

ಮತದಾನ ಶುರುವಾಗುವ ಮುಂಚೆ ನೀರಿನ ನಲ್ಲಿಯ ಹತ್ತಿರ ಅಧ್ಯಕ್ಷರು ಅವನ ಹೆಗಲ ಮೇಲೆ ಕೈ ಹಾಕಿದರು. ದಪ್ಪ ಕೈ, ಯಂತ್ರಕ್ಕೆ ಸಿಕ್ಕಿ ಒಂದು ಬೆರಳ ತುದಿ ಹೋಗಿತ್ತು. ಇಷ್ಟು ವರ್ಷ ಅವನು ಬೆನ್ನ ಹಿಂದೆ ಬೈದದ್ದೆಲ್ಲ ಆ ಕೈಗೆ ಗೊತ್ತಿರಬೇಕು ಅನ್ನಿಸಿ ಮೈ ಕುಗ್ಗಿತು. ‘ಚೆನ್ನಾಗಿ ಮಾತಾಡಿದೆ ಕಣಯ್ಯಾ’ ಎಂದರು. ‘ನೋಡು, ನನ್ನ ವೋಟು ನಿನಗೆ, ನಿನ್ನ ವೋಟು ನನಗೆ. ದೊಡ್ಡವರು ನಿಂತಾಗ ಹಾಗೇ ಮಾಡೋದು. ತನಗೆ ತಾನೇ ಹಾಕ್ಕೊಳ್ಳೋದು ಹಸಿದವರ ಬುದ್ಧಿ. ಏನಂತೀಯಾ?’ ದೊಡ್ಡವರು ಎಂಬ ಮಾತಿನಲ್ಲಿ ಅವನನ್ನೂ ಸೇರಿಸಿಕೊಂಡಿದ್ದರು. ‘ಆಗಲಿ’ ಅಂದುಬಿಟ್ಟ. ಅಂದ ಮೇಲೆ, ಅದರಲ್ಲಿ ತಪ್ಪೇನು ಎಂದು ಯೋಚಿಸಿದ.

ಕಾಗದದ ಉಗ್ರಾಣದಲ್ಲಿ, ಪೇರಿಸಿಟ್ಟ ರೀಲುಗಳ ಹಿಂದೆ ಪರದೆ ಕಟ್ಟಿ ಮತ ಹಾಕುವ ಜಾಗ ಮಾಡಿದ್ದರು. ಒಳಗೆ ಹೊಸ ಕಾಗದದ ವಾಸನೆ, ಸಣ್ಣ ಮೇಜು, ದಾರ ಕಟ್ಟಿದ ರಬ್ಬರ್ ಮುದ್ರೆ. ಅವನು ಒಬ್ಬನೇ. ಹೊರಗೆ ಸಾಲಿನ ಗುಸುಗುಸು. ಎಷ್ಟೋ ಮತಪತ್ರಗಳ ಕರಡು ತಿದ್ದಿದವನು ಈಗ ಒಂದರ ಮುಂದೆ ಮುದ್ರೆ ಹಿಡಿದು ನಿಂತಿದ್ದ. ಬಾಚಣಿಗೆ. ಮುದ್ರೆ ತಾನಾಗಿ ಆ ಕಡೆಗೆ ಹೋಯಿತು. ಆಗ ಅದು ಹೊಳೆಯಿತು, ಸಂತೋಷದಿಂದ ಒಮ್ಮೆಲೇ ಹೊಳೆಯಿತು. ಅಕ್ಷರದವರು, ಉಗ್ರಾಣದವರು, ಬೈಂಡಿಂಗಿನ ಹೆಂಗಸರು, ಇಷ್ಟೊಂದು ಜನ ಇರುವಾಗ ತನ್ನದೊಂದು ಯಾಕೆ ಬೇಕು? ಗೆದ್ದ ಮೇಲೆ ಎದ್ದು ನಿಂತು, ನನ್ನ ಮತವನ್ನೂ ನಾನು ನನ್ನ ಎದುರಾಳಿಗೇ ಕೊಟ್ಟೆ ಎಂದು ಹೇಳಿದರೆ! ಆ ಬಿಳಿಗೂದಲಿನವಳ ಹುಬ್ಬು ಎಷ್ಟು ಮೇಲಕ್ಕೆ ಹೋಗಬಹುದು! ಆ ವಾಕ್ಯದ ರುಚಿ ಬಾಯಲ್ಲಿ ಬಂದಾಗಿತ್ತು. ಮುದ್ರೆಯನ್ನು ಗಂಟೆಯ ಮೇಲೆ ಒತ್ತಿದ, ಶಾಯಿ ಹರಡದಂತೆ ಅಚ್ಚುಕಟ್ಟಾಗಿ ಒತ್ತಿದ, ಮಡಿಸಿದ. ಹೊರಗೆ ಬಂದು ಪೆಟ್ಟಿಗೆಗೆ ಹಾಕುವಾಗ ವಿದೇಶಿ ಹೆಂಗಸು ಫೋಟೊ ತೆಗೆದಳು. ಅವನು ಎರಡು ಕ್ಷಣ ಕೈಯನ್ನು ಹಾಗೇ ಹಿಡಿದಿದ್ದ.

ಎಣಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಭಾಂಗಣದ ಮೇಜಿನ ಮೇಲೆ ಪೆಟ್ಟಿಗೆ ಬೋರಲು ಹಾಕಿದರು. ಮ್ಯಾನೇಜರು ಒಂದೊಂದಾಗಿ ಬಿಡಿಸಿ ಎತ್ತಿ ತೋರಿಸುತ್ತಿದ್ದರು: ಗಂಟೆ. ಗಂಟೆ. ಗಂಟೆ. ಆರಂಭದಲ್ಲಿ ಅವನು ನಗುಮುಖದಲ್ಲೇ ಕೂತಿದ್ದ, ಬೇರೆ ವಿಭಾಗದ್ದು ಕೆಳಗೆ ಇರಬೇಕು ಎಂದು. ಗಂಟೆ. ಗಂಟೆ. ಕಂಪ್ಯೂಟರಿನವನ ಕಡೆ ನೋಡಿದ, ಅವನು ಛಾವಣಿಯ ಫ್ಯಾನು ನೋಡುತ್ತಿದ್ದ. ಉಗ್ರಾಣದವನು ಉಗುರು ನೋಡುತ್ತಿದ್ದ. ರಾಶಿ ಕರಗುತ್ತಾ ಬಂದಂತೆ ಅವನ ಮುಖದ ನಗು ಮಾತ್ರ ಯಾರೋ ಅಂಟಿಸಿಹೋದಂತೆ ಅಲ್ಲೇ ಉಳಿಯಿತು, ಅದನ್ನು ತೆಗೆಯುವುದು ಹೇಗೆಂದು ತಿಳಿಯಲಿಲ್ಲ. ಕೊನೆಕೊನೆಗೆ ಮ್ಯಾನೇಜರು ಒಂದನ್ನು ಬಿಡಿಸಿ, ತಡೆದು, ಕನ್ನಡಕ ಸರಿಮಾಡಿಕೊಂಡು, ‘ಬಾಚಣಿಗೆ!’ ಎಂದರು. ಅದೊಂದೇ.

ಸಭೆ ಹೋ ಎಂದು ನಕ್ಕಿತು. ಕೆಟ್ಟ ನಗುವಲ್ಲ, ಮನೆಯವರ ನಗು. ‘ತನಗೆ ತಾನೇ ಹಾಕ್ಕೊಂಡಿದ್ದಾನೆ ಪಾರ್ಲಿಮೆಂಟು!’ ಎಂದು ಹಿಂದಿನಿಂದ ಯಾರೋ ಕೂಗಿದರು. ‘ಹೆಂಡತಿ ಇಲ್ಲಿ ಕೆಲಸಕ್ಕಿದ್ದಿದ್ರೆ ಎರಡಾಗ್ತಿತ್ತು!’ ಇನ್ನೊಬ್ಬ. ಅವನಿಗೆ ಎದ್ದು ಚೀರಬೇಕೆನ್ನಿಸಿತು. ನಾನು ನನಗೆ ಹಾಕಿಕೊಂಡಿಲ್ಲ! ಹಾಗಂದರೆ ಯಾರಿಗೆ ಹಾಕಿದೆ ಅನ್ನುತ್ತಾರೆ. ಹೇಳಿದರೆ ಇನ್ನೂ ನಗುತ್ತಾರೆ.

ಅಧ್ಯಕ್ಷರು ಎದ್ದರು, ಕೈಯೆತ್ತಿದರು. ನಗು ನಿಂತಿತು. ‘ಯಾರೂ ನಗಬೇಡಿ. ಆ ವೋಟು ಅವನದಲ್ಲ. ನಂದು. ನನ್ನ ಎದುರಿಗೆ ನಿಂತವನಿಗೆ ನಾನೇ ಹಾಕಿದ್ದು. ನಮ್ಮ ಸಂಘದ ಸಂಸ್ಕಾರ ಅದು.’ ಮ್ಯಾನೇಜರು ಅನುವಾದಿಸಿದರು. ವಿದೇಶಿ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ಕಣ್ಣು ನಿಜಕ್ಕೂ ತೇವವಾಗಿತ್ತು. ಚಪ್ಪಾಳೆಯ ಮೇಲೆ ಚಪ್ಪಾಳೆ. ಅವನ ಎದೆಯೊಳಗೆ ಏನೋ ಒಡೆದು ಬೆಚ್ಚಗೆ ಹರಿಯಿತು. ಕೊಟ್ಟ ಮಾತು ಉಳಿಸಿಕೊಂಡರಲ್ಲ! ಪಿಸುಗುಟ್ಟಿದವರೆಲ್ಲ ಕೈ ಕೊಟ್ಟರು, ಈ ಮನುಷ್ಯ, ಸರ್ವಾಧಿಕಾರಿ ಎಂದು ತಾನು ಆಡಿಕೊಂಡಿದ್ದ ಈ ಮನುಷ್ಯ ಒಬ್ಬನೇ ಕೈ ಹಿಡಿದ. ಎಂಥ ಮೂರ್ಖ ನಾನು, ಇಷ್ಟು ವರ್ಷ ಎಂಥ ವಿಷ ಕಾರಿದೆ! ಅವನು ಕುರ್ಚಿ ಸರಿಸಿ, ನಡೆದಲ್ಲ, ಹೆಚ್ಚುಕಡಿಮೆ ಓಡಿಯೇ ಹೋಗಿ ಅಧ್ಯಕ್ಷರನ್ನು ಅಪ್ಪಿಕೊಂಡ. ಬೆವರು ಮತ್ತು ಎಣ್ಣೆಯ ವಾಸನೆಯ ಆ ಅಗಲವಾದ ಎದೆಗೆ ಮುಖ ಒತ್ತಿದ. ಕ್ಯಾಮೆರಾಗಳು ಮಿಂಚಿದವು. ‘ಇರಲಿ ಬಿಡಯ್ಯಾ’ ಎಂದು ಅಧ್ಯಕ್ಷರು ಬೆನ್ನು ತಟ್ಟಿದರು.

ಆ ಬಿಸಿ ಇನ್ನೂ ಮೈಯಲ್ಲಿರುವಾಗಲೇ ಅವನು ಹಿಂದಿನ ಅಂಗಳಕ್ಕೆ ಬಂದು ಮುಖ ತೊಳೆದುಕೊಂಡ. ಅತಿಥಿಗಳ ಕಾರು ಗೇಟಿನ ಬಳಿ ಸಿದ್ಧವಾಗುತ್ತಿತ್ತು. ಮುಖ ಒರೆಸಿಕೊಂಡು ತಿರುಗಿದರೆ ಬೈಂಡಿಂಗಿನ ಆ ಹೆಂಗಸು ನಿಂತಿದ್ದಳು, ಗೋಡೆಗೆ ಒಂದು ಕೈ ಊರಿ.

‘ಸಾರ್, ಆ ವೋಟು ನಂದು.’

ಅವನಿಗೆ ಮೊದಲು ಅರ್ಥವಾಗಲಿಲ್ಲ.

‘ಅಧ್ಯಕ್ಷರದ್ದಲ್ಲ. ನಂದು. ನಾವು ಆರು ಜನ ಹಾಕೋಣ ಅಂತ ಮಾತಾಡ್ಕೊಂಡಿದ್ವಿ. ಸಾಲಲ್ಲಿ ನಿಂತಾಗ ಒಬ್ಬೊಬ್ಬರೇ ಹೆದರಿದ್ರು. ನಾನೂ ಹೆದರಿದ್ದೆ ಸಾರ್. ಆದ್ರೆ ಲೆಕ್ಕ ಹಾಕಿದೆ. ನಿಮ್ಮದೊಂದು ಇದ್ದೇ ಇರುತ್ತೆ, ನಂದು ಸೇರಿದ್ರೆ ಎರಡು. ಎರಡು ಅಂದ್ರೆ ಯಾರೋ ಒಬ್ಬರು ಇದ್ದಾರೆ ಅಂತ ಅವರಿಗೂ ಗೊತ್ತಾಗುತ್ತೆ. ಸ್ಟೂಲಿನ ಮಾತು ಇನ್ನೊಂದು ಸಲ ಎತ್ತಬಹುದು ಅಂತ.’ ಅವಳು ಕಾಲು ಬದಲಾಯಿಸಿದಳು. ‘ಒಂದೇ ಬಂತು. ನಿಮ್ಮದೆಲ್ಲಿ ಹೋಯ್ತು ಸಾರ್?’

ಅಂಗಳದಲ್ಲಿ ಬಿಸಿಲಿತ್ತು. ಅವನು ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಂಡ. ‘ಅವರಿಗೆ’ ಎಂದ.

‘ಯಾರಿಗೆ?’

‘ಅಧ್ಯಕ್ಷರಿಗೆ. ಮಾತಾಗಿತ್ತು... ಒಂದು ಮರ್ಯಾದೆ ಅಂತ...’

ಅವಳು ಸಿಟ್ಟಾಗಲಿಲ್ಲ. ‘ಓ’ ಎಂದಳು ಅಷ್ಟೇ. ಆ ಓ ಅವನ ಕೆನ್ನೆಗೆ ಬಿತ್ತು. ಅಷ್ಟರಲ್ಲಿ ಕಾರು ಹೊರಟ ಸದ್ದಾಯಿತು, ಅವನ ತಲೆಯೊಳಗೆ ಏನೋ ಭಗ್ಗೆಂದು ಹತ್ತಿಕೊಂಡಿತು. ಸುಳ್ಳು! ಆ ಮನುಷ್ಯ ಎಲ್ಲರೆದುರಿಗೆ ಎದೆ ತಟ್ಟಿಕೊಂಡು ಸುಳ್ಳು ಹೇಳಿದ, ತನ್ನ ವಿರುದ್ಧ ಬಿದ್ದ ಒಂದೇ ಒಂದು ವೋಟನ್ನೂ ತನ್ನದು ಮಾಡಿಕೊಂಡ, ನಾನು ಹೋಗಿ ಅಪ್ಪಿಕೊಂಡೆ, ಆ ವಿದೇಶಿಯರು ಅದನ್ನು ಕ್ಯಾಮೆರಾದಲ್ಲಿಟ್ಟುಕೊಂಡು ದೇಶವಿದೇಶ ತೋರಿಸುತ್ತಾರೆ! ಹೇಳಬೇಕು. ಈಗಲೇ ಹೇಳಬೇಕು. ಅವನು ಓಡಿದ. ಅಂಗಳ ದಾಟಿ, ಹೂಕುಂಡಗಳ ಮಧ್ಯೆ, ‘ಸಾರ್! ಸಾರ್!’ ಎಂದು ಹಿಂದಿನಿಂದ ಆ ಹೆಂಗಸು ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಇಷ್ಟು ಜೋರಾಗಿ ಅವನು ಎಂದೂ ಓಡಿರಲಿಲ್ಲ, ಹೊಸ ಗುಂಡಿ ಕಿತ್ತುಹೋಯಿತು, ಕಾಲು ನೆಲದ ಮೇಲೆ ಇದ್ದಂತೆಯೇ ಇರಲಿಲ್ಲ. ಗೇಟು ತೆರೆಯಲು ಕಾರು ನಿಧಾನ ಮಾಡಿತ್ತು. ಅವನು ಹಿಂದಿನ ಕಿಟಕಿಯ ಗಾಜನ್ನು ಅಂಗೈಯಿಂದ ಬಡಿದ. ಗಾಜು ಇಳಿಯಿತು. ಬಿಳಿಗೂದಲು, ದಣಿದ ಒಳ್ಳೆಯ ಮುಖ.

‘ಆ ವೋಟು ಅವರದಲ್ಲ’ ಎಂದ, ಅವಳ ಭಾಷೆಯಲ್ಲಿ, ಏದುತ್ತಾ. ‘ಅವರು ಸುಳ್ಳು ಹೇಳಿದರು. ನೀವು ಬರೆದುಕೊಳ್ಳಬೇಕು. ನೀವು ಹೇಳಿದರೆ ಇವರು ಕೇಳುತ್ತಾರೆ.’

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ನೀವು ಹೇಳಿದರೆ ಇವರು ಕೇಳುತ್ತಾರೆ. ಕಾರಿನ ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿ ನಿಂತಿದ್ದ, ಬೇಡುವವರು ನಿಲ್ಲುವ ಹಾಗೆ.

ಅವಳು ಗಂಭೀರವಾದಳು. ಇಂಥದ್ದಕ್ಕೇ ಅವಳು ಇಷ್ಟು ದೂರ ಬಂದವಳು. ಚೀಲದಿಂದ ಪೆನ್ನು ತೆಗೆದಳು. ‘ಹಾಗಾದರೆ ಯಾರದ್ದು?’ ಎಂದು ಕೇಳಿದಳು.

ಮುಂದಿನ ಸೀಟಿನಲ್ಲಿ ಮ್ಯಾನೇಜರಿದ್ದರು. ಅತಿಥಿಗಳನ್ನು ಹೋಟೆಲಿನವರೆಗೆ ಬಿಡಲು ಹೊರಟಿದ್ದರು. ಅವರು ನಿಧಾನವಾಗಿ ಇಡೀ ಮೈಯನ್ನು ಹಿಂದಕ್ಕೆ ತಿರುಗಿಸಿ ಅವನನ್ನೇ ನೋಡಿದರು. ‘ಹೇಳಿ ಸ್ವಾಮಿ’ ಎಂದರು ಮೃದುವಾಗಿ. ‘ಯಾರದ್ದಂತೆ?’

ಪೆನ್ನಿನ ಮುಚ್ಚಳ ತೆರೆದಿತ್ತು. ಹಿಂದೆ ಚಪ್ಪಲಿಯ ಸದ್ದು ಕುಂಟುತ್ತಾ ಹತ್ತಿರವಾಗಿ ನಿಂತಿತು. ಅವನು ತಿರುಗಿ ನೋಡಲಿಲ್ಲ, ನೋಡಿದರೆ ಮ್ಯಾನೇಜರೂ ಅತ್ತ ನೋಡುತ್ತಾರೆ. ಉದ್ದ ಮೇಜು, ಸಾಲಾಗಿ ನಿಂತ ಹೆಂಗಸರು, ನಾಳೆ ಬೆಳಿಗ್ಗೆ ಅವರಲ್ಲಿ ಒಬ್ಬಳು ಕಡಿಮೆ. ತಾನು ಓಡಿಬರುವ ಮುಂಚೆ ಆ ಚಿತ್ರ ಯಾಕೆ ಕಣ್ಣಿಗೆ ಬರಲಿಲ್ಲ?

‘ನಂದು’ ಎಂದ.

‘ಏನಂದ್ರಿ?’

‘ನಂದೇ ಸಾರ್. ನನಗೆ ನಾನೇ ಹಾಕ್ಕೊಂಡೆ.’

ಮ್ಯಾನೇಜರು ಹೊಟ್ಟೆ ಕುಣಿಯುವಂತೆ ನಕ್ಕರು, ನಗುತ್ತಲೇ ಅನುವಾದಿಸಿದರು. ‘ಅದನ್ನ ಹೇಳೋಕೆ ಇಷ್ಟು ದೂರ ಓಡಿ ಬಂದ್ರಾ! ಬೇಜಾರು ಮಾಡ್ಕೋಬೇಡಿ, ಯಾರಾದ್ರೂ ಹಾಗೇ ಮಾಡೋದು.’ ವಿದೇಶಿ ಹೆಂಗಸು ಪೆನ್ನಿಗೆ ಮುಚ್ಚಳ ಹಾಕಿದಳು. ಕಿಟಕಿಯ ಅಂಚಿನಲ್ಲಿದ್ದ ಅವನ ಕೈಯನ್ನು ಎರಡು ಸಲ ತಟ್ಟಿದಳು, ಸೋತ ಮಕ್ಕಳನ್ನು ಸಮಾಧಾನ ಮಾಡುವ ಹಾಗೆ. ಗಾಜು ಏರಿತು. ಕಾರು ಗೇಟು ದಾಟಿ ಹೋಯಿತು.

ಅವನು ತಿರುಗಿದ. ಅವಳು ನಾಲ್ಕು ಹೆಜ್ಜೆ ದೂರದಲ್ಲಿ, ಗೇಟಿನ ಕಂಬಕ್ಕೆ ಒರಗಿ ನಿಂತಿದ್ದಳು. ಓಡಿ ಬಂದದ್ದಕ್ಕೆ ಕಾಲಿನ ಬಟ್ಟೆ ಬಿಚ್ಚಿಕೊಂಡು ಧೂಳಿನಲ್ಲಿ ಹೊರಳುತ್ತಿತ್ತು. ಎಲ್ಲ ಕೇಳಿಸಿಕೊಂಡಿದ್ದಳು. ನಿನ್ನನ್ನು ಉಳಿಸಲು ಹಾಗಂದೆ ಎಂದು ಹೇಳಲು ಅವನು ಬಾಯಿ ತೆರೆದ. ಅದು ನಿಜವೇ ಆಗಿತ್ತು, ಆದರೂ ಹೇಳದೆ, ಗುಂಡಿ ಕಿತ್ತುಹೋದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡ.

‘ಒಳ್ಳೇದಾಯ್ತು ಬಿಡಿ’ ಎಂದಳು ಅವಳು. ಬಗ್ಗಿ ಬಟ್ಟೆಯನ್ನು ಮತ್ತೆ ಕಾಲಿಗೆ ಸುತ್ತಿಕೊಳ್ಳುತ್ತಾ, ತಲೆಯೆತ್ತದೆ, ಮನೆಯ ಲೆಕ್ಕ ಒಪ್ಪಿಸುವವಳಂತೆ ಹೇಳಿದಳು: ‘ಮೊದಲು ಅವರದ್ದಾಯ್ತು. ಈಗ ನಿಮ್ಮದಾಯ್ತು. ಹಾಗಾದ್ರೆ ನಾನು ಇವತ್ತು ವೋಟೇ ಹಾಕಿಲ್ಲ ಸಾರ್.’

ಗಂಟು ಬಿಗಿದು ಎದ್ದು, ಅವಳು ಕೆಲಸಕ್ಕೆ ಹೋದಳು.